ಆಕ್ಸೆಸ್ ಪದೇ ಪದೇ ಕೈಕೊಟ್ಟರೆ ದೋಷ ಎಲ್ಲಿ?

ಸಣ್ಣ ಸಹಕಾರಿ ಸಂಘ, ಗ್ರಂಥಾಲಯ, ಅಂಗಡಿಗಳ ಲೆಕ್ಕಪತ್ರ ಮೈಕ್ರೋಸಾಫ್ಟ್ ಆಕ್ಸೆಸ್‌ನ ಒಂದೇ ಫೈಲಿನಲ್ಲಿ ಇರುವುದುಂಟು. ಕೆಲಸದ ನಡುವೆ ಅದು ತಾನಾಗಿ ಮುಚ್ಚಿಹೋದರೆ ‘ಕಾಂಪ್ಯಾಕ್ಟ್ ಆಂಡ್ ರಿಪೇರ್’ ಒತ್ತುವುದು ರೂಢಿ. ಆದರೆ ವಾರದೊಳಗೆ ಮತ್ತೆ ಅದೇ ತೊಂದರೆ ಬಂದರೆ, ದೋಷ ಫೈಲಿನಲ್ಲೇ ಇದೆ ಎನ್ನುವಂತಿಲ್ಲ.

ಇದಕ್ಕೆ ಎರಡು ಉದಾಹರಣೆಗಳಿವೆ. 2018ರಲ್ಲಿ ವಿಂಡೋಸ್ 10ರ 1803 ಆವೃತ್ತಿ ಬಂದ ಮೇಲೆ, ನೆಟ್‌ವರ್ಕ್‌ನಲ್ಲಿ ಹಲವರು ಒಟ್ಟಿಗೆ ಬಳಸುವ ಆಕ್ಸೆಸ್ ಫೈಲುಗಳು ಮತ್ತೆ ಮತ್ತೆ ಕೆಡತೊಡಗಿದವು. ಅಲ್ಲಿ ತೊಡಕಿದ್ದದ್ದು ವಿಂಡೋಸ್ ಫೈಲು ಹಂಚುವ ಕ್ರಮದಲ್ಲಿ. 2019ರ ನವೆಂಬರ್ 12ರ ಸುರಕ್ಷತಾ ಅಪ್‌ಡೇಟ್ ಹಾಕಿದವರಿಗೆ ‘ಕ್ವೆರಿ ಕೆಟ್ಟಿದೆ’ ಎಂಬ 3340ನೇ ಸಂಖ್ಯೆಯ ದೋಷ ಕಾಣಿಸಿತು. ವಾಸ್ತವದಲ್ಲಿ ಕ್ವೆರಿಯಾಗಲಿ ಮಾಹಿತಿಯಾಗಲಿ ಕೆಟ್ಟಿರಲಿಲ್ಲ. ಕಂಪೆನಿಯೇ ನಂತರ ತಿದ್ದುಪಡಿ ನೀಡಬೇಕಾಯಿತು.

ಹಾಗಾಗಿ ಮೊದಲು ಎಲ್ಲರೂ ಪ್ರೋಗ್ರಾಂನಿಂದ ಹೊರಬಂದು ಫೈಲಿನ ಪ್ರತಿ ತೆಗೆದಿಡಬೇಕು. ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಅಲ್ಲೂ ಅದೇ ಜಾಗದಲ್ಲಿ ನಿಂತರೆ ಫೈಲಿನ ಮೇಲೆ ಸಂಶಯಪಡಬಹುದು. ಹೊಸ ಖಾಲಿ ಡೇಟಾಬೇಸಿಗೆ ಟೇಬಲ್, ಫಾರ್ಮ್‌ಗಳನ್ನು ಇಂಪೋರ್ಟ್ ಮಾಡುವುದು ದಾರಿ. ಗಾತ್ರವನ್ನೂ ಗಮನಿಸಬೇಕು, 2 ಜಿಬಿ ದಾಟಿ ಆಕ್ಸೆಸ್ ಫೈಲು ಬೆಳೆಯದು. ಒಂದೇ ಕಂಪ್ಯೂಟರಿನಲ್ಲಿ ತೊಂದರೆಯಾದರೆ ಆ ಕಂಪ್ಯೂಟರಿನ ಆಫೀಸ್ ತಂತ್ರಾಂಶ, ಪ್ರಿಂಟರ್ ಡ್ರೈವರ್ ಪರೀಕ್ಷಿಸಬೇಕು. ಹಲವರು ಒಟ್ಟಿಗೆ ಕುಳಿತಾಗ ಮಾತ್ರ ಕೆಟ್ಟರೆ ನೆಟ್‌ವರ್ಕ್ ನೋಡಬೇಕು. ವೈಫೈ ಮೂಲಕ ಬರೆಯುತ್ತಿರುವಾಗ ಸಂಪರ್ಕ ತಪ್ಪಿದರೂ, ಮಳೆಗಾಲದಲ್ಲಿ ಕರೆಂಟು ಹೋದರೂ ಫೈಲಿಗೆ ಪೆಟ್ಟು ಬೀಳುತ್ತದೆ. ಕೇಬಲ್, ಯುಪಿಎಸ್ ಬೇಕು. ಟೇಬಲ್‌ಗಳನ್ನು ಒಂದು ಫೈಲಿನಲ್ಲಿಟ್ಟು, ಫಾರ್ಮ್‌ಗಳ ಫೈಲನ್ನು ಪ್ರತಿ ಕಂಪ್ಯೂಟರಿಗೂ ಬೇರೆಯಾಗಿ ಕೊಡುವುದೇ ಸರಿಯಾದ ಕ್ರಮ. ಎಲ್ಲ ಕಂಪ್ಯೂಟರುಗಳೂ ಒಂದೇ ದಿನ ಮುಷ್ಕರ ಹೂಡಿದರೆ ಹಿಂದಿನ ದಿನ ಯಾವ ಅಪ್‌ಡೇಟ್ ಬಂತೆಂದು ನೋಡಬೇಕು.

ಎರಡು ಭಾಷೆಗಳಲ್ಲಿ ಹೆಸರು ಬರೆಯುವ ಗಡಿನಾಡಿನಲ್ಲಿ ಇನ್ನೊಂದು ಗೊಂದಲವಿದೆ. ಹೊಸ ಕಂಪ್ಯೂಟರಿನಲ್ಲಿ ಕನ್ನಡ ಹೆಸರುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಫೈಲು ಕೆಟ್ಟಿತೆಂದು ಗಾಬರಿ ಬೇಡ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟ್ ಅಲ್ಲಿ ಇಲ್ಲದಿರಬಹುದು. ಅಂಥ ಹೆಸರುಗಳನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳುವುದು ಲೇಸು.

ಈಗ ವಿಷಯ ಗಂಭೀರವಾಗಲು ಕಾರಣವಿದೆ. ಆಫೀಸ್ 2016 ಮತ್ತು 2019ಕ್ಕೆ ಕಂಪೆನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಆಕ್ಸೆಸ್ ಮೊದಲಿನಂತೆ ತೆರೆಯುತ್ತದೆ, ನಿಜ. ಆದರೆ 2019ರಂಥ ತೊಡಕು ಮತ್ತೆ ಬಂದರೆ ಆ ಆವೃತ್ತಿಗಳಿಗೆ ತಿದ್ದುಪಡಿ ನಿರೀಕ್ಷಿಸುವಂತಿಲ್ಲ. ಪ್ರೋಗ್ರಾಂ ಬರೆದುಕೊಟ್ಟವರು ಊರು ಬಿಟ್ಟಿದ್ದರಂತೂ ಕೇಳುವವರೇ ಇಲ್ಲ. ದಿನವೂ ಒಂದು ಪ್ರತಿ ಬೇರೆ ಡಿಸ್ಕಿಗೆ ಹೋಗಬೇಕು. ತಿಂಗಳಿಗೊಮ್ಮೆ ಆ ಪ್ರತಿ ತೆರೆಯುತ್ತದೆಯೇ ಎಂದೂ ನೋಡಬೇಕು. ಸಂಘದ ಲೆಕ್ಕ ಉಳಿಯುವುದು ಇಂಥ ಶಿಸ್ತಿನಿಂದಲೇ.