ಸಿಇಟಿಯಲ್ಲಿ ಮುಂದಿದ್ದೂ ಪಿಯು ಅಂಕದಿಂದ ಹಿಂದುಳಿಯುವ ವಿದ್ಯಾರ್ಥಿಗಳಿಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಬಾಗಿಲು ತೆರೆಯುವಂತೆ ಮನವಿ

ಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು, ಉನ್ನತ ಶಿಕ್ಷಣ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು
ಮಾನ್ಯ ಕಾರ್ಯನಿರ್ವಾಹಕ ನಿರ್ದೇಶಕರು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಮಲ್ಲೇಶ್ವರಂ, ಬೆಂಗಳೂರು

ಇಂದ,
ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳ ಪಿಯು ವಿಜ್ಞಾನ ವಿದ್ಯಾರ್ಥಿಗಳು, ಪೋಷಕರು ಮತ್ತು ಉಪನ್ಯಾಸಕರು

ವಿಷಯ: ಎಂಜಿನಿಯರಿಂಗ್ ರ‍್ಯಾಂಕ್ ನಿರ್ಧಾರದಲ್ಲಿ ಪಿಯು ಅಂಕ ಮತ್ತು ಸಿಇಟಿ ಅಂಕಗಳ ತೂಕ ಮರುಪರಿಶೀಲಿಸುವ ಬಗ್ಗೆ

ಮಾನ್ಯರೇ,

ಎಂಜಿನಿಯರಿಂಗ್ ರ‍್ಯಾಂಕ್ ನಿರ್ಧರಿಸುವಾಗ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ (ಪಿಸಿಎಂ) ಅಂಕಗಳಿಗೆ ಅರ್ಧ ತೂಕ, ಸಿಇಟಿಯ 180 ಅಂಕಗಳಿಗೆ ಉಳಿದರ್ಧ ತೂಕ ಕೊಡಲಾಗುತ್ತಿದೆ. ಬಹುಪಾಲು ಮಕ್ಕಳಿಗೆ ಇದರಿಂದ ತೊಂದರೆಯಿಲ್ಲ. ಎರಡೂ ಕಡೆ ಅವರ ಸಾಧನೆ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಆದರೆ ಪ್ರವೇಶ ಪರೀಕ್ಷೆಯಲ್ಲಿ ಮೇಲ್ಮಟ್ಟದಲ್ಲಿದ್ದು ಬೋರ್ಡ್ ಪರೀಕ್ಷೆಯಲ್ಲಿ ಸಾಧಾರಣ ಅಂಕ ಪಡೆದವರೂ ಪ್ರತಿ ವರ್ಷ ಇರುತ್ತಾರೆ. ಈ ಮನವಿ ಅವರಿಗಾಗಿ.

ಲೆಕ್ಕವನ್ನೇ ತಮ್ಮ ಮುಂದಿಡುತ್ತೇವೆ. ಒಬ್ಬ ವಿದ್ಯಾರ್ಥಿಗೆ ಪಿಯು ಪಿಸಿಎಂನಲ್ಲಿ 300ಕ್ಕೆ 210, ಸಿಇಟಿಯಲ್ಲಿ 180ಕ್ಕೆ 144 ಬಂದಿದೆ ಎನ್ನಿ. ಶೇ 70 ಮತ್ತು ಶೇ 80, ಸರಾಸರಿ 75. ಇನ್ನೊಬ್ಬರಿಗೆ ಪಿಯುನಲ್ಲಿ 294, ಸಿಇಟಿಯಲ್ಲಿ 94. ಶೇ 98 ಮತ್ತು ಶೇ 52.2, ಸರಾಸರಿ 75.1. ಸಿಇಟಿಯಲ್ಲಿ ಐವತ್ತು ಅಂಕ ಹೆಚ್ಚು ಪಡೆದ ವಿದ್ಯಾರ್ಥಿ ರ‍್ಯಾಂಕ್ ಪಟ್ಟಿಯಲ್ಲಿ ಹಿಂದೆ ನಿಲ್ಲುತ್ತಾನೆ. ಎರಡನೆಯ ವಿದ್ಯಾರ್ಥಿಯ ಶ್ರಮವನ್ನು ನಾವು ಕಡೆಗಣಿಸುತ್ತಿಲ್ಲ, ಆ ಸೀಟಿಗೆ ಆಕೆಯೂ ಅರ್ಹಳೇ. ಮೊದಲನೆಯವನಿಗೂ ಎಲ್ಲೋ ಒಂದು ಜಾಗ ಇರಬೇಕು ಎಂಬುದಷ್ಟೇ ನಮ್ಮ ವಾದ.

ಸಿಇಟಿಯಲ್ಲಿ ಒಂದೊಂದು ವಿಷಯಕ್ಕೂ 80 ನಿಮಿಷಗಳಲ್ಲಿ 60 ಪ್ರಶ್ನೆ ಬಿಡಿಸಬಲ್ಲ ಮಗು ಬೋರ್ಡ್ ಪರೀಕ್ಷೆಯಲ್ಲಿ ಏಕೆ ಹಿಂದೆ ಬೀಳುತ್ತದೆ? ನಮ್ಮ ಭಾಗದ ಉಪನ್ಯಾಸಕರು ಇದನ್ನು ತರಗತಿಯಲ್ಲೇ ಕಂಡಿದ್ದಾರೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಪಿಯುಗೆ ಬಂದ ಕೂಡಲೇ ಭೌತಶಾಸ್ತ್ರದ ಮೂರು ಅಂಕದ, ಐದು ಅಂಕದ ಉತ್ತರಗಳನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಲೆಕ್ಕ ಬರುತ್ತದೆ, ಚಿತ್ರ ಬರುತ್ತದೆ, ತತ್ವವೂ ಗೊತ್ತು. ಅದನ್ನು ವಾಕ್ಯಗಳಲ್ಲಿ ಹೇಳುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಒಎಂಆರ್ ಹಾಳೆಯ ಮುಂದೆ ಅದೇ ಮಗುವಿಗೆ ವಾಕ್ಯದ ತಡೆ ಇಲ್ಲ. ಉಪನ್ಯಾಸಕರ ಹುದ್ದೆ ಖಾಲಿ ಇರುವ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು ಬರುವವರೆಗೆ ರಸಾಯನಶಾಸ್ತ್ರದ ಪಾಠವೇ ಶುರುವಾಗುವುದಿಲ್ಲ. ಇನ್ನು ಕೆಲವರಿಗೆ ಮಾರ್ಚ್ ತಿಂಗಳೇ ಮುಳುವಾಗುತ್ತದೆ. ಈ ಪತ್ರಕ್ಕೆ ಸಹಿ ಹಾಕಿರುವ ತಾಯಿಯೊಬ್ಬರ ಮಗಳು, ತಂದೆ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಬೋರ್ಡ್ ಪರೀಕ್ಷೆ ಬರೆದಳು. ಏಪ್ರಿಲ್‌ನಲ್ಲಿ ಸಿಇಟಿ ನಡೆಯುವ ಹೊತ್ತಿಗೆ ತಂದೆ ಮನೆಗೆ ಮರಳಿದ್ದರು. ಅವಳ ಸಿಇಟಿ ಅಂಕಪಟ್ಟಿಯನ್ನೂ ಪಿಯು ಅಂಕಪಟ್ಟಿಯನ್ನೂ ಪಕ್ಕದಲ್ಲಿಟ್ಟರೆ ಇಬ್ಬರು ಬೇರೆ ಬೇರೆ ಹುಡುಗಿಯರದೆಂದು ತೋರುತ್ತದೆ.

ಈ ಅನ್ಯಾಯ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದೇ ನಮ್ಮನ್ನು ಹೆಚ್ಚು ನೋಯಿಸುವ ಸಂಗತಿ. ಖಾಸಗಿ ಕಾಲೇಜುಗಳ ಪ್ರವೇಶಕ್ಕಿರುವ ಕಾಮೆಡ್‌ಕೆ ಪರೀಕ್ಷೆಯಲ್ಲಿ ಪಿಯು ಅಂಕ ಅರ್ಹತೆಗೆ ಮಾತ್ರ, ರ‍್ಯಾಂಕ್ ಸಿಗುವುದು ಪರೀಕ್ಷೆಯಿಂದ. ಅಂದರೆ ಪಿಯುನಲ್ಲಿ ಕಡಿಮೆ ಅಂಕ ಬಂದರೂ ಪ್ರವೇಶ ಪರೀಕ್ಷೆ ಚೆನ್ನಾಗಿ ಬರೆದ ಮಗುವಿಗೆ ಬೆಂಗಳೂರಿನ ಒಳ್ಳೆಯ ಖಾಸಗಿ ಕಾಲೇಜಿನಲ್ಲಿ ದಾರಿ ಇದೆ, ಶುಲ್ಕ ಕಟ್ಟುವ ಶಕ್ತಿ ಇದ್ದರೆ. ಆ ಶುಲ್ಕ ಸರ್ಕಾರಿ ಕಾಲೇಜಿನ ಶುಲ್ಕದ ಹಲವು ಪಟ್ಟು. ಹಣವಿದ್ದವರಿಗೆ ಎರಡನೇ ಅವಕಾಶ, ಇಲ್ಲದವರಿಗೆ ಒಂದೇ ಅವಕಾಶ. ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಇರುವುದೇ, ರಾಯಚೂರಿನಿಂದ ಕಾರವಾರದವರೆಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳು ಇರುವುದೇ ಇಂಥ ಮನೆಗಳ ಮಕ್ಕಳಿಗಾಗಿ ಅಲ್ಲವೇ? 2021ರ ಕಾಯ್ದೆಯಿಂದ ಯುವಿಸಿಇ ಸ್ವಾಯತ್ತ ವಿಶ್ವವಿದ್ಯಾಲಯವಾಗಿದೆ. ಸಾರ್ವಜನಿಕ ಹಣದಲ್ಲಿ ನಡೆಯುವ ಸಂಸ್ಥೆಯೊಂದರಲ್ಲಿ ಹೊಸ ಪ್ರವೇಶ ಕ್ರಮ ಪರೀಕ್ಷಿಸಲು ಇದಕ್ಕಿಂತ ಸೂಕ್ತ ಸಮಯವಿಲ್ಲ.

ಪಿಯು ಅಂಕವನ್ನು ಪೂರ್ತಿ ಕೈಬಿಡಿ ಎಂದು ನಾವು ಕೇಳುತ್ತಿಲ್ಲ. ಸಿಇಟಿಗೆ ಕೋಚಿಂಗ್ ಸಿಗುವುದು ಪಟ್ಟಣದ ಮಕ್ಕಳಿಗೆ, ಹಣವಿದ್ದವರಿಗೆ ಹೆಚ್ಚು. ಕೋಚಿಂಗ್ ಇಲ್ಲದ ಹಳ್ಳಿಯ ಮಗುವನ್ನು ಎರಡು ವರ್ಷದ ತರಗತಿ ಓದು ಕಾಪಾಡುತ್ತದೆ. ತಮಿಳುನಾಡು 2006ರ ಕಾಯ್ದೆಯಿಂದ ಪ್ರವೇಶ ಪರೀಕ್ಷೆಯನ್ನೇ ತೆಗೆದು ಹನ್ನೆರಡನೇ ತರಗತಿಯ ಅಂಕದ ಮೇಲೆ ಸೀಟು ಕೊಡುತ್ತಿರುವುದರ ಹಿಂದೆ ಈ ಕಾಳಜಿಯೂ ಇದೆ. ಸಿಇಟಿ ಕೂಡ ದೋಷವಿಲ್ಲದ ಪರೀಕ್ಷೆಯಲ್ಲ. 2024ರಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು, ಕೊನೆಗೆ ನಾಲ್ಕು ವಿಷಯಗಳಿಂದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ತಪ್ಪು ಉತ್ತರಕ್ಕೆ ಅಂಕ ಕಳೆಯದ ಕಾರಣ ಊಹೆಗೂ ಒಂದಿಷ್ಟು ಅಂಕ ಬೀಳುತ್ತದೆ. ಇದೆಲ್ಲ ಗೊತ್ತಿದ್ದೇ, ಎಲ್ಲ ಸೀಟುಗಳಿಗಲ್ಲ, ಒಂದು ಸಣ್ಣ ಪಾಲಿಗೆ ಮಾತ್ರ ಬೇರೆ ಅಳತೆ ಕೇಳುತ್ತಿದ್ದೇವೆ.

ಬೋರ್ಡ್ ಅಂಕದ ತೂಕ ಇಳಿಸುವುದು ಹೊಸದೇನಲ್ಲ. ಜೆಇಇ ಮೇನ್ ರ‍್ಯಾಂಕ್‌ನಲ್ಲಿ 2013ರಿಂದ 2016ರವರೆಗೆ ಬೋರ್ಡ್ ಅಂಕಕ್ಕೆ ಶೇ 40 ತೂಕವಿತ್ತು; 2017ರಿಂದ ಅದನ್ನು ತೆಗೆಯಲಾಯಿತು. ಈಗ ಸುರತ್ಕಲ್‌ನ ಎನ್‌ಐಟಿಗಾಗಲಿ ಧಾರವಾಡದ ಐಐಟಿಗಾಗಲಿ ಬೋರ್ಡ್ ಅಂಕ ದಾಟಬೇಕಾದ ಹೊಸ್ತಿಲು ಮಾತ್ರ. ದಾಟಿದ ಮೇಲೆ ರ‍್ಯಾಂಕ್ ಮಾತಾಡುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳು 2022ರಿಂದ ಪದವಿ ಪ್ರವೇಶಕ್ಕೆ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ತಂದವು. ಅದಕ್ಕೆ ಹಿಂದಿನ ವರ್ಷ ದೆಹಲಿ ವಿಶ್ವವಿದ್ಯಾಲಯದ ಹಲವು ಕೋರ್ಸುಗಳಲ್ಲಿ ಬೋರ್ಡ್ ಅಂಕದ ಕಟಾಫ್ ಶೇ 100 ಮುಟ್ಟಿತ್ತು.

ಆದ್ದರಿಂದ ನಮ್ಮ ಪ್ರಧಾನ ಬೇಡಿಕೆ ಇದು. ಯುವಿಸಿಇ ಮತ್ತು ಎಲ್ಲ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿ ಮೀಸಲಾತಿ ವರ್ಗದೊಳಗೆ ಹತ್ತನೇ ಒಂದು ಪಾಲು ಸೀಟುಗಳನ್ನು ಪಿಯು ಶೇ 25, ಸಿಇಟಿ ಶೇ 75 ಎಂಬ ಲೆಕ್ಕದ ಪ್ರತ್ಯೇಕ ರ‍್ಯಾಂಕ್ ಪಟ್ಟಿಯಿಂದ ತುಂಬಬೇಕು. ಯಾವ ವರ್ಗದ ಸೀಟೂ ಇದರಿಂದ ಕಡಿಮೆಯಾಗಬಾರದು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಈ ಪಾಲಿಗೂ ಅನ್ವಯಿಸಬೇಕು, ಸಂವಿಧಾನದ 371ಜೆ ವಿಧಿಯಡಿಯ ಕಲ್ಯಾಣ ಕರ್ನಾಟಕದ ಪಾಲು ಹಾಗೆಯೇ ಉಳಿಯಬೇಕು. ಪಿಸಿಎಂನಲ್ಲಿ ಈಗಿರುವ ಅರ್ಹತೆ, ಅಂದರೆ ಸಾಮಾನ್ಯ ವರ್ಗಕ್ಕೆ ಶೇ 45 ಮತ್ತು ಮೀಸಲು ವರ್ಗಗಳಿಗೆ ಶೇ 40, ಮುಂದುವರಿಯಲಿ. ಮೇಲಿನ ಉದಾಹರಣೆಯ ಮೊದಲ ವಿದ್ಯಾರ್ಥಿಗೆ ಈ ಲೆಕ್ಕದಲ್ಲಿ 77.5 ಬರುತ್ತದೆ. ಉಳಿದ ಒಂಬತ್ತು ಪಾಲು ಸೀಟುಗಳಲ್ಲಿ ಈಗಿನ 50:50 ಇರಲಿ. ಮೂರು ವರ್ಷ ನಡೆಸಿ ನೋಡಿ, ಆಮೇಲೆ ಮುಂದುವರಿಸುವುದೋ ಬಿಡುವುದೋ ತೀರ್ಮಾನಿಸಬಹುದು.

ಮಾರ್ಚ್‌ನಲ್ಲಿ ಮುಗ್ಗರಿಸಿದವರಿಗೆ ಸರ್ಕಾರ ಈಗಾಗಲೇ ಒಂದು ಬಾಗಿಲು ತೆರೆದಿದೆ: 2024ರಿಂದ ದ್ವಿತೀಯ ಪಿಯುಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಅವುಗಳಲ್ಲಿ ಹೆಚ್ಚಿನ ಅಂಕ ಉಳಿಯುತ್ತದೆ. ಮೊದಲ ಪರೀಕ್ಷೆಯ ನಂತರದ ಪರೀಕ್ಷೆಗಳ ಅಂಕಗಳು ರ‍್ಯಾಂಕ್‌ಗೆ ಯಾವ ದಿನಾಂಕದವರೆಗೆ ಸೇರುತ್ತವೆ ಎಂಬುದು ಪ್ರತಿ ವರ್ಷ ಸಿಇಟಿ ಮಾಹಿತಿ ಪುಸ್ತಕದ ಮೊದಲ ಪುಟಗಳಲ್ಲೇ ಇರಬೇಕು. ಆಸ್ಪತ್ರೆ ದಾಖಲೆ ಅಥವಾ ಮನೆಯವರ ಮರಣ ಪ್ರಮಾಣಪತ್ರ ಒದಗಿಸಬಲ್ಲ ವಿದ್ಯಾರ್ಥಿಗಳ ಅರ್ಜಿ ಪರಿಶೀಲಿಸಲು ಜಿಲ್ಲಾ ಮಟ್ಟದಲ್ಲಿ ಒಂದು ಸಮಿತಿಯೂ ಬೇಕು.

ಇನ್ನು ಬೇರೆ ಬೇರೆ ಬೋರ್ಡ್‌ಗಳ ವಿಷಯ. ಪಿಯು, ಸಿಬಿಎಸ್‌ಇ, ಐಎಸ್‌ಸಿ ಅಂಕಗಳನ್ನು ಹಾಗೆಯೇ ಕೂಡಿಸುವುದೆಂದರೆ ಮೂರು ಊರಿನ ಸೇರುಗಳಲ್ಲಿ ಅಳೆದ ಜೋಳವನ್ನು ಒಂದೇ ಲೆಕ್ಕಕ್ಕೆ ಬರೆದಂತೆ. ಬೋರ್ಡ್‌ಗಳ ಅಂಕಗಳನ್ನು ಒಂದೇ ಮಟ್ಟಕ್ಕೆ ತರುವ ಕ್ರಮ ಕೇರಳದಲ್ಲಿದೆ, ಬೋರ್ಡ್ ಅಂಕ ಪರಿಗಣಿಸುತ್ತಿದ್ದ ವರ್ಷಗಳಲ್ಲಿ ಜೆಇಇಯಲ್ಲೂ ಇತ್ತು. ನಮ್ಮಲ್ಲೂ ಅದನ್ನು ರೂಪಿಸಲು ತಜ್ಞರ ಸಮಿತಿ ನೇಮಿಸಬೇಕು.

ಒಂದು ಎಚ್ಚರಿಕೆಯನ್ನೂ ಗೌರವದಿಂದ ಹೇಳಬೇಕಾಗಿದೆ. ಸೂತ್ರ ಯಾವುದೇ ಆಗಿರಲಿ, ಅರ್ಜಿ ಕರೆಯುವ ಮೊದಲೇ ಪ್ರಕಟವಾಗಬೇಕು. 2022ರಲ್ಲಿ ಹಿಂದಿನ ವರ್ಷದ ಪಿಯು ವಿದ್ಯಾರ್ಥಿಗಳ ಅಂಕವನ್ನು ಪರಿಗಣಿಸದೆ ರ‍್ಯಾಂಕ್ ಕೊಟ್ಟಿದ್ದರಿಂದ ವಿಷಯ ಹೈಕೋರ್ಟ್‌ಗೆ ಹೋಗಿ, ರ‍್ಯಾಂಕ್ ಪಟ್ಟಿ ಪರಿಷ್ಕರಿಸಬೇಕಾಯಿತು. ಮಕ್ಕಳು ತಿಂಗಳುಗಟ್ಟಲೆ ಕಾದರು. ಕೇರಳದಲ್ಲಿ 2025ರಲ್ಲಿ ಫಲಿತಾಂಶದ ಹೊಸ್ತಿಲಲ್ಲಿ ಸೂತ್ರ ಬದಲಿಸಿದ್ದನ್ನು ಅಲ್ಲಿನ ಹೈಕೋರ್ಟ್ ರದ್ದುಪಡಿಸಿತು. ನಮ್ಮ ಬೇಡಿಕೆ ಒಪ್ಪುವುದಾದರೆ ನಮ್ಮ ರಾಜ್ಯದ 2006ರ ಪ್ರವೇಶ ಆಯ್ಕೆ ನಿಯಮಗಳಿಗೆ ಸಕಾಲದಲ್ಲಿ ತಿದ್ದುಪಡಿ ತನ್ನಿ. ತಡವಾದರೆ ಒಂದು ವರ್ಷ ಕಾಯಲು ನಾವು ಸಿದ್ಧ.

ಕೊನೆಯ ಬೇಡಿಕೆಗೆ ಹೆಚ್ಚು ಹಣ ಬೇಕಿಲ್ಲ, ಆದರೆ ನಮ್ಮ ದೃಷ್ಟಿಯಲ್ಲಿ ಅದು ಉಳಿದವುಗಳಷ್ಟೇ ಮುಖ್ಯ. 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯು ಪರೀಕ್ಷೆ ರದ್ದಾಗಿ ಸಿಇಟಿ ಅಂಕದ ಮೇಲೆಯೇ ರ‍್ಯಾಂಕ್ ಕೊಡಲಾಯಿತು. ಆ ಮಕ್ಕಳು ನಾಲ್ಕು ವರ್ಷದ ಪದವಿ ಮುಗಿಸುವ ಕಾಲ 2025. ಅವರು ಹೇಗೆ ಓದಿದರು? ಮೊದಲ ವರ್ಷದ ಗಣಿತದಲ್ಲಿ ಎಷ್ಟು ಮಂದಿ ಅನುತ್ತೀರ್ಣರಾದರು, ಎಷ್ಟು ಮಂದಿ ಸಕಾಲದಲ್ಲಿ ಪದವಿ ಪಡೆದರು? ಆ ವರ್ಷಗಳ ಆನ್‌ಲೈನ್ ಪಾಠದ ಪರಿಣಾಮ ಬೇರೆಯೇ ಇದ್ದುದರಿಂದ ಹಿಂದಿನ ಬ್ಯಾಚ್‌ಗಳ ಜೊತೆ ಹೋಲಿಸುವಾಗ ಎಚ್ಚರ ಬೇಕು, ನಿಜ. 50:50ರಲ್ಲಿ ಬಂದ ಬ್ಯಾಚ್‌ಗಳೊಳಗೂ ಇದೇ ಪ್ರಶ್ನೆ ಕೇಳಬಹುದು: ಸಿಇಟಿ ಹೆಚ್ಚು, ಪಿಯು ಕಡಿಮೆ ಇದ್ದವರು ಮುಂದೆ ಹೇಗೆ ಮಾಡಿದರು? ಪಿಯು ಅಂಕಗಳು ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಲ್ಲಿವೆ, ಸಿಇಟಿ ಅಂಕಗಳು ಪ್ರಾಧಿಕಾರದಲ್ಲಿವೆ, ಹೆಚ್ಚಿನ ಕಾಲೇಜುಗಳ ಸೆಮಿಸ್ಟರ್ ಫಲಿತಾಂಶಗಳು ಬೆಳಗಾವಿಯ ವಿಟಿಯುನಲ್ಲಿವೆ. ಈ ಮೂರನ್ನೂ ಜೋಡಿಸಿ, ಆಮೇಲೆ ಹೆಸರು, ನೋಂದಣಿ ಸಂಖ್ಯೆ ತೆಗೆದು ಅಧ್ಯಯನ ನಡೆಸಿ, ವರದಿಯನ್ನು ಸಾರ್ವಜನಿಕರ ಮುಂದಿಡಿ. ವರದಿ ನಮ್ಮ ವಾದದ ವಿರುದ್ಧ ಬಂದರೆ ಅದನ್ನೂ ಒಪ್ಪಿಕೊಂಡು ಪ್ರಧಾನ ಬೇಡಿಕೆಯನ್ನು ಹಿಂದಕ್ಕೆ ಪಡೆಯುತ್ತೇವೆ.

ಮುಂದಿನ ಸಾಲಿನ ಸಿಇಟಿ ಅಧಿಸೂಚನೆ ಹೊರಡುವ ಮೊದಲು ನಮ್ಮ ಪ್ರತಿನಿಧಿಗಳಾಗಿ ಇಬ್ಬರು ವಿದ್ಯಾರ್ಥಿಗಳು, ಇಬ್ಬರು ಪೋಷಕರು ಮತ್ತು ಒಬ್ಬರು ಗಣಿತ ಉಪನ್ಯಾಸಕರಿಗೆ ಭೇಟಿಯ ದಿನ ನಿಗದಿಪಡಿಸಬೇಕೆಂದು ಕೋರುತ್ತೇವೆ. ವಿದ್ಯಾರ್ಥಿಗಳ ಒಪ್ಪಿಗೆಯೊಂದಿಗೆ ಅವರ ಪಿಯು ಮತ್ತು ಸಿಇಟಿ ಅಂಕಪಟ್ಟಿಗಳ ಪ್ರತಿಗಳನ್ನು ಆ ದಿನ ಹಾಜರುಪಡಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ವಿದ್ಯಾರ್ಥಿಗಳು, ಪೋಷಕರು ಮತ್ತು ಉಪನ್ಯಾಸಕರು

ಪ್ರತಿ: ಮಾನ್ಯ ಉನ್ನತ ಶಿಕ್ಷಣ ಸಚಿವರು, ಮಾನ್ಯ ಕುಲಪತಿಗಳು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬೆಳಗಾವಿ, ಮಾನ್ಯ ನಿರ್ದೇಶಕರು, ಯುವಿಸಿಇ, ಬೆಂಗಳೂರು