ನಗಿಸುವ ಆಟವೇನು ಕಡಿಮೆಯೇ?

ಜಪಾನಿನ ಕಾರ್ಟೂನ್ ಕಥೆಗಳಾದ ಅನಿಮೆ ಇವತ್ತು ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾಲೇಜು ಹುಡುಗರ ಮೊಬೈಲಿಗೂ ಬಂದಿದೆ. ಅದರ ಬೆನ್ನಿಗೇ ಒಂದು ತೀರ್ಪೂ ಬಂದಿದೆ: ಸಾವು, ಒಂಟಿತನ, ಮನಸ್ಸಿನ ಕತ್ತಲೆಯನ್ನು ಕೆದಕುವ ಕಥೆಯೇ ಶ್ರೇಷ್ಠ, ನಗಿಸುವುದೆಲ್ಲ ಹೊತ್ತು ಕಳೆಯುವ ಸರಕು. ಈ ಮಾತಿನ ಮೊದಲರ್ಧಕ್ಕೆ ಕಾರಣವಿದೆ. ಹಿದೆಯಾಕಿ ಆನ್ನೊ ಅವರ ನಿರ್ದೇಶನದಲ್ಲಿ 1995ರಲ್ಲಿ ಆರಂಭವಾದ ‘ನಿಯಾನ್ ಜೆನೆಸಿಸ್ ಇವಾಂಜೆಲಿಯನ್’ನ 26 ಕಂತುಗಳು ಮೇಲ್ನೋಟಕ್ಕೆ ದೈತ್ಯ ಯಂತ್ರಗಳ ಕಾಳಗ. ಒಳಗಿರುವುದು ಶಿಂಜಿ ಎಂಬ ಹದಿನಾಲ್ಕರ ಹುಡುಗ ಮತ್ತು ಅವನೊಡನೆ ಮಾತಾಡದ ತಂದೆ. ನಮ್ಮ ಮನೆಗಳಲ್ಲಿ ಅಪ್ಪ ಮಗನನ್ನು ಅಂಕ ಕೇಳುತ್ತಾನೆ, ದುಡ್ಡು ಸಾಕೇ ಎಂದು ಕೇಳುತ್ತಾನೆ. ಬೇಸರವಾಗಿದೆಯೇ ಎಂದು ಕೇಳುವುದು ಅಪರೂಪ. ಅಂಥ ಮನೆಯ ಹುಡುಗನಿಗೆ ಶಿಂಜಿಯಲ್ಲಿ ತನ್ನ ಮುಖ ಕಂಡರೆ ಅದನ್ನು ಹುಚ್ಚು ಅನ್ನಬಾರದು. ನನ್ನ ತಕರಾರಿರುವುದು ಉಳಿದರ್ಧದೊಂದಿಗೆ. ನಗೆ ಹಗುರ, ಆದ್ದರಿಂದ ಕೀಳು ಎಂಬ ಲೆಕ್ಕ ತಪ್ಪು. ಅದು ತಪ್ಪೆಂದು ತೋರಿಸಲು ಘಟಪ್ರಭೆಯ ದಂಡೆ ಬಿಟ್ಟು ದೂರ ಹೋಗಬೇಕಿಲ್ಲ.

ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನೇ ನೋಡಿ. ಅಪರಾಳ ತಮ್ಮಣ್ಣ ಬರೆದದ್ದನ್ನು ತಿದ್ದಿ, ಬೆಳೆಸಿ, ಅಟ್ಟದ ಮೇಲೆ ಗೆಲ್ಲಿಸಿದವನು ಕುಲಗೋಡ ತಮ್ಮಣ್ಣ. ಹಿಂದೆ ಗೋಕಾಕ ತಾಲ್ಲೂಕಿನಲ್ಲಿದ್ದ ಅವನೂರು ಈಗ ಮೂಡಲಗಿಗೆ ಸೇರಿದೆ. ಕಲಾವಿದೆ ಕೌಜಲಗಿ ನಿಂಗಮ್ಮನವರ ಹೆಸರು ನಾಡಿಗೆಲ್ಲ ತಿಳಿದದ್ದೂ ಈ ಆಟದಿಂದಲೇ. ಕಥೆ ಇಷ್ಟೇ: ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿಸಿಕೊಂಡಳು. ಇದರಲ್ಲಿ ಕೊಲೆಯಿಲ್ಲ, ರಕ್ತವಿಲ್ಲ. ಆದರೆ ಭಾಗವತ ಕೆಣಕಿ ಕೇಳಿದಂತೆಲ್ಲ, ದೂತಿ ಮಾತಿಗೆ ಮಾತು ಜೋಡಿಸಿದಂತೆಲ್ಲ, ಸತ್ಯಭಾಮೆಯ ‘ನಾನು’ ಎಂಬುದು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ನೋಡುವವರು ನಗುತ್ತಿರುತ್ತಾರೆ, ನಗುತ್ತ ನಗುತ್ತಲೇ ತಮ್ಮ ಮನೆಯ ಮುನಿಸು, ತಮ್ಮ ಹೊಟ್ಟೆಕಿಚ್ಚು ಅಲ್ಲಿ ಕುಣಿಯುವುದನ್ನು ಕಾಣುತ್ತಾರೆ. ಆತ್ಮಾವಲೋಕನವೆಂದರೆ ಇದೇ ಅಲ್ಲವೇ? ಅದಕ್ಕೆ ಕತ್ತಲೆಯ ಕೋಣೆ ಬೇಕೆಂದು ಹೇಳಿದವರು ಯಾರು?

ಕತ್ತಲೆಯ ಆಟವೂ ನಮ್ಮಲ್ಲಿ ಇಲ್ಲದಿಲ್ಲ. ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದನ್ನು ಆಧರಿಸಿ ಪತ್ತಾರ ಮಾಸ್ತರ ಕಟ್ಟಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ಗೆಳೆತನವೇ ಗೆಳೆಯನ ಕೊರಳಿಗೆ ಬರುತ್ತದೆ. ಎರಡೂ ಆಟ ನೋಡಿದ ಹಳ್ಳಿಗರು ಒಂದನ್ನು ದೊಡ್ಡವರದು, ಇನ್ನೊಂದನ್ನು ಮಕ್ಕಳದು ಎಂದು ವಿಂಗಡಿಸಲಿಲ್ಲ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಈ ಪರಂಪರೆಯಿಂದಲೇ ಬೆಳೆದವರು. ಅವರ ‘ಜೋಕುಮಾರಸ್ವಾಮಿ’ ನಾಟಕ ರಂಗಕ್ಕೆ ಬಂದದ್ದು 1972ರಲ್ಲಿ, ಉಳುವವನಿಗೆ ಭೂಮಿ ಕೊಟ್ಟ 1974ರ ಭೂಸುಧಾರಣಾ ತಿದ್ದುಪಡಿಗೆ ಮುಂಚೆ. ಮಕ್ಕಳಿಲ್ಲದ ಗೌಡತಿ, ಗಂಡನಿಗೆ ಉಣಿಸಲೆಂದು ಮಾಡಿದ ಪಡುವಲಕಾಯಿ ಪಲ್ಯ, ಅದನ್ನು ತಿಂದ ರೈತ ಬಸಣ್ಣ: ಪೋಲಿತನದ ಅಂಚಿನಲ್ಲೇ ಸಾಗುವ ನಗೆ ಅದು. ಕೊನೆಗೆ ಗೌಡನ ಆಳುಗಳು ಬಸಣ್ಣನನ್ನು ಕೊಲ್ಲುತ್ತಾರೆ. ಅಷ್ಟು ಹೊತ್ತು ನಕ್ಕಿರದಿದ್ದರೆ ಆ ಸಾವು ಅಷ್ಟು ಚುಚ್ಚುತ್ತಿರಲಿಲ್ಲ; ಹೊಲ ಯಾರದು ಎಂದು ನಾಟಕ ಕೇಳುವ ಪ್ರಶ್ನೆ ಭಾಷಣವಾಗಿ ಒಣಗಿಹೋಗುತ್ತಿತ್ತು.

ಅದು ಹಳೆಯ ಮಾತು, ಈಗಿನ ನಗೆ ಟಿವಿಯ ಕಾಮಿಡಿ ಷೋ ಮತ್ತು ರೀಲ್ಸ್‌ಗೆ ಇಳಿದಿದೆ ಎನ್ನಬಹುದು. ನಿಜ, ಅದರಲ್ಲಿ ಬಹುಪಾಲು ಜೊಳ್ಳು. ಆದರೆ ಕತ್ತಲೆಯಲ್ಲೂ ಜೊಳ್ಳಿದೆ. ಒಬ್ಬರ ಮೇಲೊಬ್ಬರನ್ನು ಕೊಂದು, ನಾಯಕನನ್ನು ಮಳೆಯಲ್ಲಿ ನಿಲ್ಲಿಸಿ, ಬದುಕಿಗೆ ಅರ್ಥವಿಲ್ಲ ಎಂದು ಹೇಳಿಸಿದರೆ ಆಳ ಬಂದುಬಿಡುವುದಿಲ್ಲ. ಜೊಳ್ಳನ್ನು ಗಟ್ಟಿಯೊಂದಿಗೆ ಹೋಲಿಸಿ ಇಡೀ ಪ್ರಕಾರಕ್ಕೆ ದಂಡ ಹಾಕುವುದು ನ್ಯಾಯವಲ್ಲ. ನಗೆ ಕಷ್ಟವನ್ನು ಮರೆಸುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಂಭೀರ. ಆದರೆ 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಮನೆಯೊಳಗೆ ನೀರು ಹೊಕ್ಕ ಗೋಕಾಕದ ಸಂಸಾರಗಳಿಗೆ ಕಷ್ಟ ಏನೆಂದು ಪರದೆ ಕಲಿಸಬೇಕಿಲ್ಲ. ದಿನವಿಡೀ ಕಷ್ಟ ಹೊತ್ತವರು ರಾತ್ರಿ ನಗೆ ಬೇಡುವುದನ್ನು ಪಲಾಯನ ಎಂದು ಕರೆಯುವುದು ಕ್ರೌರ್ಯ.

ಅನಿಮೆಯನ್ನು ಕಟ್ಟಿದವರೂ ನಗೆಗೂ ಕತ್ತಲೆಗೂ ನಡುವೆ ಇಂಥ ಗೆರೆ ಎಳೆದಿರಲಿಲ್ಲ. 1988ರ ಏಪ್ರಿಲ್ 16ರಂದು ಘಿಬ್ಲಿ ಸ್ಟುಡಿಯೋ ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸಿತು: ಯುದ್ಧಕಾಲದ ಜಪಾನಿನಲ್ಲಿ ಹಸಿದು ಸಾಯುವ ಅಣ್ಣ–ತಂಗಿಯರ ಬಗ್ಗೆ ಇಸಾವೊ ತಕಹಾತ ಮಾಡಿದ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಮತ್ತು ಹಯಾವೊ ಮಿಯಾಝಾಕಿಯ ‘ಮೈ ನೇಬರ್ ತೊತೊರೊ’. ಎರಡನೆಯದು ಮಕ್ಕಳ ಚಿತ್ರವೆಂದೇ ಹೆಸರಾಯಿತು. ಅದರ ಪುಟ್ಟ ಹುಡುಗಿಯರ ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಅವಳು ಮನೆಗೆ ಬರದೇ ಹೋದರೆ ಎಂಬ ಭಯ ಪ್ರತಿ ನಗೆಯ ಅಡಿಯಲ್ಲೂ ಇದೆ. ಆ ಭಯವನ್ನು ಮಗುವಿನ ಕೈಗೆ ಹಗುರವಾಗಿ ಇಡುವುದು, ಭಯವನ್ನು ಚೀರಿ ಹೇಳುವುದಕ್ಕಿಂತ ಕಷ್ಟದ ಕಸುಬು ಎಂದೇ ನಾನು ನಂಬಿದ್ದೇನೆ.

ಕತ್ತಲೆಯ ಅನಿಮೆ ನೋಡುವ ಹುಡುಗರು ನೋಡಲಿ. ತಂದೆ–ತಾಯಂದಿರು ಬೈಯುವ ಬದಲು ಒಂದು ಕಂತನ್ನಾದರೂ ಪಕ್ಕದಲ್ಲಿ ಕೂತು ನೋಡಲಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾಲೇಜುಗಳು ಈ ವರ್ಷದ ಸ್ನೇಹಸಮ್ಮೇಳನದಲ್ಲಿ ಪಾರಿಜಾತದ ಒಂದು ಪ್ರಸಂಗವನ್ನೂ ಸಂಗ್ಯಾ ಬಾಳ್ಯಾದ ಒಂದು ಪ್ರಸಂಗವನ್ನೂ ಒಂದೇ ರಾತ್ರಿ ಆಡಿಸಲಿ. ಆಡುವ ಮೇಳಗಳನ್ನು ಹುಡುಕಿ ಕರೆಸುವ ಕೆಲಸವನ್ನು ಆ ಹುಡುಗರಿಗೇ ವಹಿಸಲಿ.