ಹಳೆಯ ಕಾರಿಗೆ ಹೊಗೆಯೇ ಅಳತೆಗೋಲಾಗಲಿ

ಗಂಗಾವತಿ ತಾಲ್ಲೂಕಿನ ಸಾಣಾಪುರದಲ್ಲಿರುವ ನಮ್ಮ ಹಳೆಯ ಮನೆಯ ಕೊಟ್ಟಿಗೆಯಲ್ಲಿ 1980ರ ಮಾದರಿಯ ಅಂಬಾಸಿಡರ್ ಕಾರೊಂದು ಹದಿನಾಲ್ಕು ವರ್ಷಗಳಿಂದ ನಿಂತಿತ್ತು. ಕಳೆದ ಬೇಸಿಗೆಯಲ್ಲಿ ಅದನ್ನು ಮತ್ತೆ ಓಡಿಸುವ ಹಟ ತೊಟ್ಟೆ. ಯಂತ್ರದ ಪಾಠ ಕಲಿಯಲು ಹೊರಟ ನನಗೆ ನೀತಿನಿರೂಪಣೆಯ ಪಾಠವೂ ದೊರೆಯಿತು.

ದೀರ್ಘಕಾಲ ನಿಂತ ವಾಹನಕ್ಕೆ ಹೊಸ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸುವುದು ಬಹುತೇಕರು ಮಾಡುವ ತಪ್ಪು. ಗಂಗಾವತಿಯಿಂದ ಬಂದ ವೃದ್ಧ ಮೆಕ್ಯಾನಿಕ್ ಮೊದಲ ದಿನ ಕೀಲಿಯನ್ನೇ ಕೇಳಲಿಲ್ಲ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನಾಲ್ಕೂ ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು ಎರಡು ದಿನ ಕಾದರು. ಅನಂತರ ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿದರು. ತುಕ್ಕು ಹಿಡಿದ ಪಿಸ್ಟನ್ ರಿಂಗುಗಳನ್ನು ಮೋಟಾರಿನ ಬಲದಿಂದ ಎಳೆದರೆ ಅವು ಮುರಿಯುತ್ತವೆ, ಸಿಲಿಂಡರಿನ ಗೋಡೆಯೂ ಗೀರಿಹೋಗುತ್ತದೆ. ಹಳೆಯ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ರಂಧ್ರಗಳನ್ನು ಮುಚ್ಚಿತ್ತು; ವೈರುಗಳನ್ನು ಇಲಿಗಳು ಕಡಿದಿದ್ದವು. ಓಡಿಸುವ ಮುನ್ನ ನಿಲ್ಲಿಸುವುದನ್ನು ಸರಿಪಡಿಸಬೇಕೆಂಬ ಅವರ ನಿಯಮದಂತೆ ಬ್ರೇಕಿನ ರಬ್ಬರ್ ಭಾಗಗಳೆಲ್ಲ ಬದಲಾದವು.

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ತಯಾರಿಸುತ್ತಿದ್ದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. ಲೈಸೆನ್ಸ್ ರಾಜ್ಯದ ರಕ್ಷಣೆಯಲ್ಲಿ ಬೆಳೆದ ಈ ಕಾರಿನ ವಿನ್ಯಾಸ ದಶಕಗಳ ಕಾಲ ಹೆಚ್ಚು ಬದಲಾಗಲಿಲ್ಲ. ಸ್ಪರ್ಧೆಯಿಲ್ಲದ ಮಾರುಕಟ್ಟೆಯ ದುಷ್ಫಲವಿದು ಎಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಅಲ್ಲಗಳೆಯಲಾರೆ. ಆದರೆ ಅದೇ ಕಾರಣದಿಂದ ಸಣ್ಣ ಪಟ್ಟಣಗಳಲ್ಲೂ ಅದರ ಬಿಡಿಭಾಗಗಳೂ ಅದನ್ನು ಬಲ್ಲ ಕೈಗಳೂ ಉಳಿದವು. ಆ ಕೈಗಳಿಗೆ ಈಗ ವಯಸ್ಸಾಗಿದೆ.

ಇನ್ನು ಕಾನೂನಿನ ವಿಚಾರ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಗಳಿಗೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿ ನಿಗದಿಯಾಯಿತು. ಐವತ್ತು ವರ್ಷ ದಾಟಿದ ವಾಹನಗಳಿಗೆ ಮಾತ್ರ 2021ರಲ್ಲಿ 'ವಿಂಟೇಜ್' ಎಂಬ ಪ್ರತ್ಯೇಕ ವರ್ಗ ರೂಪುಗೊಂಡಿತು. ಅವುಗಳ ನೋಂದಣಿ ಹತ್ತು ವರ್ಷಗಳಿಗೆ. ಆದರೆ ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಂತಹ ಉದ್ದೇಶಗಳಿಗಷ್ಟೇ ರಸ್ತೆಗಿಳಿಯಬೇಕು. 1980ರ ಕಾರು ಈ ಮಾನ್ಯತೆಗೆ 2030ರವರೆಗೆ ಕಾಯಬೇಕು. ಅಲ್ಲಿಯತನಕ ಅದು ಕಾನೂನಿನ ಕಣ್ಣಿಗೆ ಕೇವಲ ಮುದಿ ವಾಹನ.

ಇಂಧನವೂ ಬದಲಾಗಿದೆ. ಪೆಟ್ರೋಲಿಗೆ ಶೇಕಡ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ತಲುಪಿತು. ಕಬ್ಬು, ಮೆಕ್ಕೆಜೋಳದೊಂದಿಗೆ ಅಕ್ಕಿಯಿಂದಲೂ ತಯಾರಾಗುವ ಎಥೆನಾಲ್, ಭತ್ತದ ಕಣಜವೆನಿಸಿದ ಗಂಗಾವತಿಗೆ ಅಪರಿಚಿತವೇನಲ್ಲ. ಆದರೆ ಅದು ತೇವಾಂಶ ಹೀರುತ್ತದೆ. ಹಳೆಯ ರಬ್ಬರ್ ಕೊಳವೆಗಳನ್ನು ಕೊರೆಯುತ್ತದೆ. ಆಗಾಗ ಮಾತ್ರ ಓಡುವ ಕಾರಿಗೆ ಇದರ ಪೆಟ್ಟು ಹೆಚ್ಚು.

ಹಳೆಯ ಕಾರು ಹೊಗೆ ಉಗುಳುತ್ತದೆಂಬ ಆಕ್ಷೇಪ ನ್ಯಾಯವಾದುದೇ. ನನ್ನ ಕಾರಿನಲ್ಲಿ ಕೆಟಲಿಟಿಕ್ ಕನ್ವರ್ಟರ್ ಇಲ್ಲ. ಪ್ರತಿ ಕಿಲೋಮೀಟರಿಗೆ ಅದು ಹೊಸ ಕಾರಿಗಿಂತ ಹೆಚ್ಚು ಮಾಲಿನ್ಯ ಮಾಡುತ್ತದೆ. ಆದರೆ ಸಮಾಜಕ್ಕಾಗುವ ಹಾನಿಯನ್ನು ಅಳೆಯುವಾಗ ಕಿಲೋಮೀಟರಿನ ಹೊಗೆಯನ್ನು ಓಡಿದ ದೂರದಿಂದ ಗುಣಿಸಬೇಕು. ವರ್ಷಕ್ಕೆ ಐನೂರು ಕಿಲೋಮೀಟರ್ ಓಡುವ ಕಾರನ್ನೂ ದಿನವಿಡೀ ಓಡುವ ಕಾರನ್ನೂ ಹುಟ್ಟಿದ ವರ್ಷವೊಂದನ್ನೇ ನೋಡಿ ಒಂದೇ ತಕ್ಕಡಿಯಲ್ಲಿ ತೂಗುವುದು ತರ್ಕಬದ್ಧವಲ್ಲ.

ಪಾರಂಪರಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ, ಮೂವತ್ತು ವರ್ಷ ದಾಟಿದ, ಮೂಲಸ್ವರೂಪ ಉಳಿಸಿಕೊಂಡ, ನಿತ್ಯದ ಸಾರಿಗೆಗೆ ಬಳಸದ ವಾಹನವನ್ನು ಐತಿಹಾಸಿಕವೆಂದು ಗುರುತಿಸುತ್ತದೆ. ನಮ್ಮಲ್ಲೂ ಮೂವತ್ತರಿಂದ ಐವತ್ತು ವರ್ಷಗಳ ನಡುವಿನ ವಾಹನಗಳಿಗೆ ಇಂತಹ ವರ್ಗವೊಂದು ಬೇಕು. ವರ್ಷಕ್ಕೆ 1,500 ಕಿಲೋಮೀಟರಿನ ಮಿತಿ, ಪ್ರತಿವರ್ಷ ಬ್ರೇಕ್ ಮತ್ತು ಹೊಗೆಯ ಕಡ್ಡಾಯ ಪರೀಕ್ಷೆ, ಮಹಾನಗರಗಳ ದಟ್ಟಣೆಯ ವೇಳೆಯಲ್ಲಿ ನಿರ್ಬಂಧ ಇರಲಿ. ಇವನ್ನು ಪಾಲಿಸುವವರಿಗೆ ಶುಲ್ಕ ಇಳಿಯಲಿ. ಪರೀಕ್ಷೆಯಲ್ಲಿ ಸೋತ ಕಾರು ಗುಜರಿಗೆ ಹೋಗಲಿ. ಇದರಲ್ಲಿ ನನ್ನ ಸ್ವಾರ್ಥವೂ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದ್ದರಿಂದಲೇ ಈ ಪರೀಕ್ಷೆಗೆ ಮೊದಲು ನನ್ನ ಕಾರನ್ನೇ ಒಡ್ಡಲು ಸಿದ್ಧನಿದ್ದೇನೆ.

ಎಂಜಿನ್ ಗುಡುಗಿದ ದಿನ ಮೆಕ್ಯಾನಿಕ್ ಅಂಗಳದಲ್ಲೇ ಹತ್ತು ನಿಮಿಷ ಅದರ ಸದ್ದು ಆಲಿಸಿ ಆರಿಸಿದರು. ನೋಂದಣಿ ನವೀಕರಣವಾಗುವವರೆಗೆ ಕಾರು ಗೇಟು ದಾಟುವಂತಿರಲಿಲ್ಲ. ಕೈ ಒರೆಸಿಕೊಳ್ಳುತ್ತ ಅವರು, ಈ ಕೆಲಸ ಕಲಿಯಲು ಈಗ ಹುಡುಗರು ಯಾರೂ ಬರುವುದಿಲ್ಲ ಎಂದರು. ಗುಜರಿ ನೀತಿಯ ಲೆಕ್ಕಪತ್ರದಲ್ಲಿ ಈ ನಷ್ಟಕ್ಕೂ ಒಂದು ಕಾಲಂ ಇರಬೇಕಲ್ಲವೇ?